ರೂಸ್‌ವೆಲ್ಟ್ ಅವೆನ್ಯೂ, ಶನಿವಾರ ರಾತ್ರಿ: ಮೊದಲು ಜೇಬು ತಡಕುತ್ತಾರೆ, ಆಮೇಲೆ ಕೈಹಿಡಿದು ಕುಣಿಸುತ್ತಾರೆ

ಜಾಕ್ಸನ್ ಹೈಟ್ಸ್ ಅಂದರೆ ನ್ಯೂಯಾರ್ಕ್ ಕಡೆಯ ನಮ್ಮವರಿಗೆಲ್ಲ 74ನೇ ಬೀದಿಯೇ. ಪಟೇಲ್ ಬ್ರದರ್ಸ್‌ನಲ್ಲಿ ತೊಗರಿಬೇಳೆ, ಕರಿಬೇವು. ಹಬ್ಬ ಹತ್ತಿರ ಬಂದರೆ ಸೀರೆ ಅಂಗಡಿ. ಹಸಿವಾದರೆ ದೋಸೆ ಇಲ್ಲಾ ಮೊಮೊ. ಮತ್ತೆ ರೈಲು ಹತ್ತಿ ಮನೆಗೆ. ನಾನೂ ವರ್ಷಗಟ್ಟಲೆ ಅಷ್ಟೇ ಮಾಡಿದ್ದೆ. ಅದೇ ಸ್ಟೇಷನ್ನಿನಿಂದ ಇಳಿದು ರೂಸ್‌ವೆಲ್ಟ್ ಅವೆನ್ಯೂ ಹಿಡಿದು ಕೊರೋನಾ ಕಡೆಗೆ ಸುಮ್ನೆ ನಡೆಯುತ್ತಾ ಹೋದರೆ (ಹೌದು, ಆ ಏರಿಯಾದ ಹೆಸರೇ ಕೊರೋನಾ, 2020ರಲ್ಲಿ ಅವರು ಪಟ್ಟ ಪಾಡು ನೋಡಿದರೆ ಆ ಹೆಸರಿಗೆ ನಗು ಬರುವುದಿಲ್ಲ) ಸ್ವಲ್ಪ ದೂರಕ್ಕೇ ಹಿಂದಿ ಹಾಡು ನಿಂತು ಸ್ಪ್ಯಾನಿಷ್ ಹಾಡು ಶುರುವಾಗುತ್ತದೆ. ತಲೆ ಮೇಲೆ 7ನೇ ನಂಬರ್ ರೈಲು. ಈ ಕಡೆಗೆ ಅದು ಬಂದದ್ದು 1917ರಲ್ಲಿ. ಹಳಿಯ ಕೆಳಗೆ, ಕಬ್ಬಿಣದ ಕಂಬಗಳ ಸಾಲಿನ ಆಚೆ ಈಚೆ, ಕೊಲಂಬಿಯಾ, ಈಕ್ವೆಡಾರ್, ಮೆಕ್ಸಿಕೊ, ಡೊಮಿನಿಕನ್ ರಿಪಬ್ಲಿಕ್ ಬಾವುಟ ಅಂಟಿಸಿಕೊಂಡ ಬಾರ್‌ಗಳು. ಕಿಟಕಿಗೆಲ್ಲ ಕಪ್ಪು ಕಾಗದ. ಒಳಗೇನಿದೆ ಅಂತ ಕಾಣುವುದಿಲ್ಲ, ಡೋಲು ಮಾತ್ರ ಕೇಳುತ್ತದೆ.

ನನ್ನನ್ನು ಅಲ್ಲಿಗೆ ಎಳೆದವಳು ಆಫೀಸಿನ ಗೆಳತಿ. ಕೊಲಂಬಿಯಾದ ಕಾಲಿ ಊರಿನವಳು. ಮೈಸೂರಿನವರಿಗೆ ದಸರಾ ಹೇಗೋ ಕಾಲಿಯವರಿಗೆ ಸಾಲ್ಸಾ ಕುಣಿತ ಹಾಗೆ, ಬೇರೆಯವರು ಏನು ಮಾಡಿದರೂ ಅದು ನಕಲೇ. ನಾನು ಸಾಲ್ಸಾ ಕಲಿತದ್ದು ಕೋರಮಂಗಲದಲ್ಲಿ, ಒಂದು ಜಿಮ್ ಮೇಲಿನ ಹಾಲ್‌ನಲ್ಲಿ. ಗೋಡೆ ತುಂಬ ಕನ್ನಡಿ, ಮೇಷ್ಟ್ರು 'ಒನ್ ಟೂ ಥ್ರೀ, ಫೈವ್ ಸಿಕ್ಸ್ ಸೆವೆನ್' ಅಂತ ಕೂಗುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಮ್ಯಾನ್‌ಹಟನ್‌ನ ಡ್ಯಾನ್ಸ್ ಸೋಷಿಯಲ್‌ಗಳಿಗೆ ಹೋಗುತ್ತಿದ್ದೆ. ಅಲ್ಲಿಗೆ ಬರುವವರು ಚೆನ್ನಾಗಿ ಕುಣಿಯುತ್ತಾರೆ, ನೀರು ಕುಡಿಯುತ್ತಾರೆ, ಟವೆಲ್ ತಂದಿರುತ್ತಾರೆ, ಹಾಡಿನ ಮಧ್ಯದಲ್ಲಿ ನಿಂತು ನನ್ನ ಮೊಣಕೈ ಎಲ್ಲಿರಬೇಕು ಅಂತ ಹೇಳಿಕೊಡುತ್ತಾರೆ. ನಾನು ಕೇಳಿರುವುದಿಲ್ಲ. ಗೆಳತಿ ಒಂದು ಸಲ ನನ್ನ ಜೊತೆ ಬಂದು, ಗೋಡೆಗೆ ಒರಗಿ ಸ್ವಲ್ಪ ಹೊತ್ತು ನೋಡಿ, "ಇವರು ಕುಣೀತಿಲ್ಲ, ಪರೀಕ್ಷೆ ಬರೀತಿದ್ದಾರೆ" ಅಂದುಬಿಟ್ಟಳು. ಮುಂದಿನ ಶನಿವಾರ ರೂಸ್‌ವೆಲ್ಟ್ ಅಂತ ಅವಳೇ ತೀರ್ಮಾನ ಮಾಡಿದಳು.

ಆ ರಸ್ತೆಗೆ ಹೆಸರು ಒಳ್ಳೆಯದಿಲ್ಲ, ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ. ಮೈ ಮಾರುವ ದಂಧೆ, ನಕಲಿ ಗುರುತಿನ ಚೀಟಿ, ಕುಡಿದು ಹೊಡೆದಾಟ, ಎಲ್ಲ ಇದೆ. 2024ರ ಅಕ್ಟೋಬರ್‌ನಲ್ಲಿ ನಗರದವರು ಈ ಒಂದು ರಸ್ತೆಗೇ ಅಂತ ಹೆಚ್ಚುವರಿ ಪೊಲೀಸರನ್ನು ಇಳಿಸಿದ್ದರು. ಅದಕ್ಕೇ ಜೊತೆಗೊಬ್ಬ ಗಂಡಸು ಇರಲಿ ಅಂತ ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿದೆ. ಇಲ್ಲೇ ಎಂಎಸ್ ಮಾಡುತ್ತಿದ್ದಾನೆ. ಗಂಡಸು ಅಂದೆನಲ್ಲ, ಬಂದದ್ದು ಬಿಳಿ ಶೂ ಹಾಕಿಕೊಂಡು, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್ ನೇತುಹಾಕಿಕೊಂಡು.

"ಬ್ಯಾಗ್ ಯಾಕೋ ತಂದೆ?"

"ಲೈಬ್ರರಿಯಿಂದ ಹಂಗೇ ಬಂದೆ ಅಕ್ಕಾ. ಸೋಮವಾರ ಸಬ್ಮಿಶನ್ ಇದೆ."

ಗೆಳತಿ ಅವನನ್ನು ಮೇಲಿಂದ ಕೆಳಗೆ ನೋಡಿ ಏನೂ ಹೇಳಲಿಲ್ಲ. ದಾರಿಯುದ್ದಕ್ಕೂ ನನಗೆ ಪಾಠ ಮಾಡುತ್ತಾ ಬಂದಳು. ಕಾರ್ಡ್ ಬೇಡ, ಕ್ಯಾಶ್ ಇಟ್ಟುಕೋ, ಒಂದು ಐದರ ನೋಟು ಸಿಗುವಂತಿರಲಿ. ಬಾಟಲಿ ನಿನ್ನ ಕಣ್ಣ ಮುಂದೆ ತೆರೆಯಲಿ. ಕುಣಿಯೋಕೆ ಹೋಗುವಾಗ ಲೋಟ ಬಿಟ್ಟು ಹೋದರೆ ವಾಪಸ್ ಬಂದು ಅದನ್ನು ಮುಟ್ಟಬೇಡ, ಹೊಸದು ತಗೋ. ಗೋಡೆಗೆ ಬೆನ್ನು ಕೊಟ್ಟು ಕೂರು. ಮತ್ತೆ ಮುಖ್ಯವಾದದ್ದು, ಫೋನ್ ತೆಗೆದು ವಿಡಿಯೊ ಮಾಡಬೇಡ. ಅಲ್ಲಿಗೆ ಬರುವವರಲ್ಲಿ ಕಾಗದಪತ್ರ ಇಲ್ಲದವರು ಎಷ್ಟೋ ಜನ. ಹೆಂಡತಿ ಊರಲ್ಲಿರುವವರೂ ಇರುತ್ತಾರೆ. ಯಾರಿಗೂ ಯಾರ ವಿಡಿಯೊದಲ್ಲೂ ಬೀಳುವುದು ಬೇಡ. ಈ ಒಂದು ಮಾತನ್ನು ಅವಳು ಎರಡೆರಡು ಸಲ ಹೇಳಿದಳು, ಅದಕ್ಕೇ ಈ ಬರಹದಲ್ಲಿ ಬಾರ್‌ಗಳ ಹೆಸರು ಹಾಕಿಲ್ಲ.

ಮೊದಲ ಬಾರ್ ಅವಳ ಊರಿನವರದ್ದು. ಬಾಗಿಲಲ್ಲಿ ಕಪ್ಪು ಜಾಕೆಟ್ ತೊಟ್ಟ ಒಬ್ಬ ಗಂಡಸು, ಒಬ್ಬ ಹೆಂಗಸು. 21 ವರ್ಷ ಆಗಿದೆಯಾ ಅಂತ ಐಡಿ ನೋಡಿದರು. ತಮ್ಮನ ಪಾಸ್‌ಪೋರ್ಟ್ ತೆಗೆದುಕೊಂಡು ಪುಟ ಪುಟ ತಿರುಗಿಸಿದರು. ಆಮೇಲೆ ಕೈ ಎತ್ತಿಸಿ ತಡಕಿದರು. ಹೆಂಗಸು ನನ್ನ ಸೊಂಟ, ಕಾಲು, ಪರ್ಸಿನ ಒಳಜೇಬು, ಲಿಪ್‌ಸ್ಟಿಕ್‌ನ ಮುಚ್ಚಳ ಸಹ ತೆಗೆದು ನೋಡಿದಳು. ತಮ್ಮನ ಬ್ಯಾಗಿನಿಂದ ಲ್ಯಾಪ್‌ಟಾಪ್, ಚಾರ್ಜರ್, ಎರಡು ಪುಸ್ತಕ, ಕೊನೆಗೆ ಒಂದು ಸ್ಟೀಲ್ ಡಬ್ಬಿ ಹೊರಗೆ ಬಂತು. ಡಬ್ಬಿಯೊಳಗೆ ಅರ್ಧ ಉಳಿದ ಪುಳಿಯೋಗರೆ. ಆ ದಪ್ಪ ಮನುಷ್ಯ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಮೂಗು ಹತ್ತಿರ ತಂದು ವಾಸನೆ ನೋಡಿ, ಕಡಲೆಬೀಜ ಅಂತ ಗೊತ್ತಾದ ಮೇಲೆ ತುಂಬ ಗಂಭೀರವಾಗಿ ಮುಚ್ಚಿ ವಾಪಸ್ ಕೊಟ್ಟ. ಪ್ರವೇಶಕ್ಕೆ ಗಂಡಸರಿಗೆ 10 ಡಾಲರ್, ಹೆಂಗಸರಿಗೆ ಬಿಟ್ಟಿ.

"ಇದೇನಕ್ಕಾ, ಊರಲ್ಲಿ ಬಸ್ಸಲ್ಲೂ ನಿಮಗೇ ಫ್ರೀ, ಇಲ್ಲೂ ನಿಮಗೇ ಫ್ರೀ" ಅಂತ ಗೊಣಗಿದ. ಕೊಟ್ಟ.

ಒಳಗೆ ಹೋದ ತಕ್ಷಣ ಮೊದಲು ಬಡಿಯುವುದು ಸೆಂಟಿನ ವಾಸನೆ. ಅಷ್ಟೂ ಗಂಡಸರು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಸೆಂಟು ಸುರಿದುಕೊಂಡು ಬಂದಿದ್ದಾರೆ. ಆಮೇಲೆ ನೆಲಕ್ಕೆ ಚೆಲ್ಲಿದ ಬಿಯರ್, ಫಿನಾಯಿಲ್. ಕೆಂಪು ನೀಲಿ ಲೈಟು, ಛಾವಣಿ ತಗ್ಗು. ಟಾಯ್ಲೆಟ್ ಬಾಗಿಲ ಚಿಲಕ ಮುರಿದಿದೆ, ಒಬ್ಬರು ಹೋದರೆ ಇನ್ನೊಬ್ಬರು ಹೊರಗೆ ಹಿಡಿದುಕೊಂಡು ನಿಲ್ಲಬೇಕು. ಟೇಬಲ್ ಬೇಕಾದರೆ ಬಾಟಲಿ ತಗೋಬೇಕು. ಗೆಳತಿ ಅಗ್ವಾರ್ದಿಯೆಂತೆ ತರಿಸಿದಳು. ಕಬ್ಬಿನಿಂದ ಮಾಡುವ ಸಾರಾಯಿ, ಸೋಂಪಿನ ವಾಸನೆ. ಪುಟ್ಟ ಪ್ಲಾಸ್ಟಿಕ್ ಲೋಟ, ತಟ್ಟೆಯಲ್ಲಿ ನಿಂಬೆ ಹೋಳು. ಊಟ ಆದ ಮೇಲೆ ಹೋಟೆಲ್‌ನವರು ಕೊಡುವ ಸೋಂಪನ್ನು ಕುಡಿದ ಹಾಗಿದೆ ಅಂತ ತಮ್ಮ ಒಂದು ಗುಟುಕಿಗೇ ಕೆಳಗಿಟ್ಟ. ನನಗೆ ಹಿಡಿಸಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಊರಲ್ಲಿ ಬಾರ್‌ನಲ್ಲಿ ಕುಣಿಯುವುದೇ ಬಹಳ ಕಾಲ ಕಾನೂನಿನ ತಕರಾರು. 1926ರಲ್ಲಿ ಕ್ಯಾಬರೆ ಕಾಯ್ದೆ ಅಂತ ತಂದರು. ಹಾರ್ಲೆಮ್‌ನ ಜಾಜ್ ಕ್ಲಬ್‌ಗಳಲ್ಲಿ ಕರಿಯರು ಬಿಳಿಯರು ಜೊತೆಗೆ ಕುಣಿಯುತ್ತಿದ್ದುದು ಕೆಲವರಿಗೆ ಸಹಿಸಲಿಲ್ಲ, ಅದೇ ಅದರ ಮೂಲ ಅಂತ ಇಲ್ಲಿ ತುಂಬ ಜನ ಹೇಳುತ್ತಾರೆ. ಬೇರೆ ಲೈಸೆನ್ಸ್ ಇಲ್ಲದೆ ಗಿರಾಕಿಗಳು ಕುಣಿದರೆ ದಂಡ. ಅದನ್ನು ಕಿತ್ತು ಹಾಕಿದ್ದು 2017ರಲ್ಲಿ. ನಗಬೇಡಿ, 2008ರ ಹೊತ್ತಿಗೆ ನಮ್ಮ ಬೆಂಗಳೂರಿನ ಪಬ್‌ಗಳಲ್ಲೂ ಪೊಲೀಸರು ಕುಣಿತ ನಿಲ್ಲಿಸಿದ್ದರು, ಹನ್ನೊಂದೂವರೆಗೆ ದೀಪ ಆರಿಸಿ ಕಳಿಸುತ್ತಿದ್ದರು. ಕಾಲು ಕುಣಿಯುವಂತಿಲ್ಲ ಅಂತ ಕುರ್ಚಿಯಲ್ಲೇ ಭುಜ ಕುಣಿಸಿಕೊಂಡು ಕೂತವರು ನಾವು. ಇಲ್ಲಿ ಬೆಳಗಿನ ನಾಲ್ಕರವರೆಗೆ ಬಾರ್ ತೆರೆದಿರುತ್ತದೆ.

ಮೊದಲು ನನ್ನನ್ನು ಕರೆದವನು ಮಧ್ಯವಯಸ್ಸಿನ, ನನಗಿಂತ ಕುಳ್ಳಗಿನ ಮನುಷ್ಯ. ಬಂದು ಎದುರು ನಿಂತ, ಮಾತಿಲ್ಲ, ಕೈ ಚಾಚಿದ, ಹುಬ್ಬು ಎತ್ತಿದ. ಅಷ್ಟೇ ಪ್ರಶ್ನೆ. ಇಲ್ಲ ಅಂತ ತಲೆ ಆಡಿಸಿದರೆ ಅದೂ ಅಷ್ಟಕ್ಕೇ ಮುಗಿಯುತ್ತದಂತೆ. ನಾನು ಎದ್ದೆ. ಕೈ ಹಿಡಿದಾಗ ನೋಡಿದೆ, ಉಗುರಿನ ಸಂದಿಯಲ್ಲಿ ಬಿಳಿ ಪೇಂಟ್ ಉಳಿದುಕೊಂಡಿತ್ತು, ಎಷ್ಟು ತಿಕ್ಕಿದರೂ ಹೋಗದ ಥರದ್ದು. ಅಂಗೈ ಗಡಸು. ಹೆಬ್ಬೆರಳಿನ ಬುಡದಲ್ಲಿ ಒಂದು ಹಳೆಯ ಗಾಯದ ಗಂಟು. ಆದರೆ ನನ್ನ ಬೆನ್ನಿಗೆ ಇಟ್ಟ ಇನ್ನೊಂದು ಕೈ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ, ಬೆರಳ ತುದಿಗಳು ಮಾತ್ರ, ಅದರಲ್ಲೇ ಈಗ ಎಡಕ್ಕೆ, ಈಗ ನಿಲ್ಲು, ಈಗ ತಿರುಗು ಅನ್ನುವುದೆಲ್ಲ ನನಗೆ ತಿಳಿಯುತ್ತಿತ್ತು.

ಹಾಡು ಮೆರೆಂಗೆ. ಡೊಮಿನಿಕನ್ ರಿಪಬ್ಲಿಕ್ಕಿನದ್ದು, ಎಲ್ಲಕ್ಕಿಂತ ಸುಲಭ. ಎಡ ಬಲ ಎಡ ಬಲ ಅಂತ ನಡೆದರೆ ಆಯಿತು, ಉಳಿದದ್ದನ್ನು ಸೊಂಟ ನೋಡಿಕೊಳ್ಳುತ್ತದೆ. ತಂಬೋರಾ ಅನ್ನುವ ಡೋಲು, ಗ್ವಿರಾ ಅನ್ನುವ ತಗಡಿನ ಕೊಳವೆಯನ್ನು ಗೀಚುವ ಕರಕರ ಸದ್ದು. 1930ರಿಂದ 1961ರವರೆಗೆ ಆ ದೇಶವನ್ನು ಕಾಲಡಿ ಇಟ್ಟುಕೊಂಡಿದ್ದ ಸರ್ವಾಧಿಕಾರಿ ತ್ರುಹಿಯೊ ಇದನ್ನು ದೇಶದ ಕುಣಿತ ಮಾಡಿ ಮೆರೆಸಿದ. ಅದೇ ದೇಶದ ಬಡವರ ಗಿಟಾರ್ ಹಾಡು ಬಚಾಟಾವನ್ನು ಮಾತ್ರ ದೊಡ್ಡವರು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಕುಡುಕರ ಹಾಡು, ಸೂಳೆಗೇರಿಯ ಹಾಡು ಅಂತ ದೂರ ಇಟ್ಟಿದ್ದರು. 2019ರಲ್ಲಿ ಯುನೆಸ್ಕೊ ಅದೇ ಬಚಾಟಾವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅವತ್ತಿನ ಬಾರ್‌ನಲ್ಲಿ ಬಚಾಟಾ ಬಂದಾಗಲೇ ಅತಿ ಹೆಚ್ಚು ಜನ ಎದ್ದದ್ದು, ಮತ್ತು ಆಗಲೇ ಯಾರೂ ಯಾರನ್ನೂ ನೋಡದೆ ಇದ್ದದ್ದು. ಮ್ಯಾನ್‌ಹಟನ್‌ನಲ್ಲಿ ಬಚಾಟಾ ಅಂದರೆ ತಲೆಕೂದಲು ಬೀಸುವುದು, ಎದೆಯಿಂದ ಅಲೆ ತೆಗೆಯುವುದು. ಇಲ್ಲಿ ಪಕ್ಕಕ್ಕೆ ಮೂರು ಹೆಜ್ಜೆ, ನಾಲ್ಕನೆಯದಕ್ಕೆ ಸೊಂಟ ಸಣ್ಣಗೆ ಮೇಲಕ್ಕೆ, ಮತ್ತೆ ಮೂರು ಹೆಜ್ಜೆ. ಜಾಗವೂ ಅಷ್ಟೇ ಇರುವುದು, ಒಂದು ಚಾಪೆಯ ಅಗಲ.

ಹಾಡು ಮುಗಿದಾಗ ಪೇಂಟಿನವನು ನನ್ನನ್ನು ನನ್ನ ಕುರ್ಚಿಯವರೆಗೆ ಕರೆದುಕೊಂಡು ಬಂದು ಬಿಟ್ಟ. 'ಗ್ರಾಸಿಯಾಸ್' ಅಂದ, ನನ್ನ ಗೆಳತಿಗೆ, ತಮ್ಮನಿಗೆ ಒಮ್ಮೆ ತಲೆ ಬಗ್ಗಿಸಿದ, ಹೋದ. ನನ್ನ ಹೆಸರು ಕೇಳಲಿಲ್ಲ. ಯಾವ ದೇಶ ಅಂತಲೂ ಕೇಳಲಿಲ್ಲ. ಆ ರಾತ್ರಿ ಕುಣಿದವರಲ್ಲಿ ಹೆಚ್ಚಿನವರು ಹೀಗೇ. ಜೇಬು ತಡಕಿ ಒಳಗೆ ಬಿಟ್ಟ ಜಾಗದಲ್ಲಿ ಇಷ್ಟು ಮರ್ಯಾದೆ ಇರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಯಾರೂ ನನ್ನ ಮೊಣಕೈ ತಿದ್ದಲಿಲ್ಲ.

ಸಾಲ್ಸಾ ಬಂತು. ನೋಡಿ, ಸಾಲ್ಸಾ ಅನ್ನುವ ಹೆಸರನ್ನು ದೊಡ್ಡದಾಗಿ ಮಾರಿದವರು ಈ ನ್ಯೂಯಾರ್ಕಿನವರೇ. 1964ರಲ್ಲಿ ಡೊಮಿನಿಕನ್ ಮೂಲದ ಸಂಗೀತಗಾರ ಜಾನಿ ಪಚೆಕೊ ಮತ್ತು ಲಾಯರ್ ಜೆರ‍್ರಿ ಮಸೂಚಿ ಸೇರಿ ಫಾನಿಯಾ ರೆಕಾರ್ಡ್ಸ್ ಶುರು ಮಾಡಿದರು. ಕ್ಯೂಬಾದ ತಾಳ, ಪೋರ್ಟೊರಿಕೊದ ಹುಡುಗರು, ಈ ಊರಿನ ಗದ್ದಲ, ಎಲ್ಲ ಒಂದೇ ರೆಕಾರ್ಡಿನಲ್ಲಿ. ಆ ರೆಕಾರ್ಡುಗಳು ಗೆಳತಿಯ ಕಾಲಿ ಊರಿಗೆ ಹೋದವು. ಅಲ್ಲಿನವರಿಗೆ ಅದರ ವೇಗ ಸಾಲಲಿಲ್ಲವಂತೆ. ನಿಮಿಷಕ್ಕೆ 33 ಸುತ್ತಿನ ವೇಗದಲ್ಲಿ ಹಾಕಬೇಕಾದ ತಟ್ಟೆಯನ್ನು 45ಕ್ಕೆ ಇಟ್ಟು ಕುಣಿದರು ಅಂತ ಗೆಳತಿ ಹೇಳಿದಳು, ಇದು ಕಾಲಿಯವರು ಎಲ್ಲರೂ ಹೆಮ್ಮೆಯಿಂದ ಹೇಳುವ ಕಥೆ. ಅದಕ್ಕೇ ಅವರ ಸಾಲ್ಸಾದಲ್ಲಿ ಮೇಲುಗಡೆ ಮೈ ಅಲ್ಲಾಡುವುದಿಲ್ಲ, ಮೊಣಕಾಲ ಕೆಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಸಿಗುವುದಿಲ್ಲ.

ಗೆಳತಿ ಎದ್ದು ಹೋದಳು. ಆಫೀಸಿನಲ್ಲಿ ಎಕ್ಸೆಲ್ ಹಾಳೆ ನೋಡಿ ನಿಟ್ಟುಸಿರು ಬಿಡುವ ಹೆಂಗಸು ಇವಳೇನಾ ಅನಿಸಿತು. ನನ್ನನ್ನು ಕರೆದವರು ಅರವತ್ತು ದಾಟಿದ ಹಿರಿಯರು, ಗುಂಡಿ ಹಾಕಿದ ಕೋಟು, ಮುಖದಲ್ಲಿ ನಗುವಿಲ್ಲ. ನಾನು ಮನಸ್ಸಿನಲ್ಲೇ ಒನ್ ಟೂ ಥ್ರೀ ಶುರು ಮಾಡಿದೆ. ಅವರು ಎಣಿಸುತ್ತಲೇ ಇಲ್ಲ ಅಂತ ಸ್ವಲ್ಪ ಹೊತ್ತಿಗೆ ಗೊತ್ತಾಯಿತು. ಸಾಲ್ಸಾದ ಅಡಿಯಲ್ಲಿ ಕ್ಲಾವೆ ಅಂತ ಒಂದು ತಾಳ ಇರುತ್ತದೆ, ಎರಡು ಆವರ್ತಕ್ಕೆ ಐದು ಪೆಟ್ಟು, ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಎಷ್ಟೋ ಹಾಡಿನಲ್ಲಿ ಅದನ್ನು ಬಾರಿಸುವುದೂ ಇಲ್ಲ, ಇದೆ ಅಂತ ಎಲ್ಲರೂ ಅಂದುಕೊಂಡು ನುಡಿಸುತ್ತಾರೆ. ಆ ಹಿರಿಯರ ಕಾಲು ಅದರ ಮೇಲೆ ನಿಂತಿತ್ತು. ಹಾಡಿನುದ್ದಕ್ಕೂ ನನ್ನನ್ನು ಮೂರೋ ನಾಲ್ಕೋ ಸಲ ತಿರುಗಿಸಿರಬೇಕು. ಆದರೆ ತುತ್ತೂರಿಗಳೆಲ್ಲ ಒಟ್ಟಿಗೆ ಕೂಗಿ ತಟ್ಟನೆ ನಿಲ್ಲುವ ಜಾಗ ಬಂತಲ್ಲ, ಅಲ್ಲಿ ಅವರೂ ನಿಂತರು, ಅವರು ನಿಂತರು ಅಂತ ನಾನೂ ನಿಂತೆ, ಇಡೀ ಬಾರೇ ಒಂದು ಕ್ಷಣ ಒಂಟಿಕಾಲಲ್ಲಿ ನಿಂತು ಮತ್ತೆ ಶುರುವಾಯಿತು. ಕೋರಮಂಗಲದಲ್ಲಿ ಇದನ್ನು ನಮಗೆ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವಂಥದ್ದೂ ಅಲ್ಲವೇನೋ.

ಜಗಳ ಆದದ್ದು ಅದರ ಮುಂದಿನ ಹಾಡಿನಲ್ಲಿ. ಪೂಲ್ ಟೇಬಲ್ ಹತ್ತಿರ ಇಬ್ಬರು ತಳ್ಳಾಡಿಕೊಂಡರು, ಒಂದು ಕುರ್ಚಿ ಬಿತ್ತು, ಬಾಟಲಿ ಒಡೆದ ಸದ್ದು. ನಾನು ಆಗ ಯಾರೋ ಹುಡುಗನ ಜೊತೆ ಕುಣಿಯುತ್ತಿದ್ದೆ, ಗಾರೆ ಕೆಲಸದವನೋ ಹೋಟೆಲ್‌ನವನೋ ಗೊತ್ತಿಲ್ಲ. ಅವನು ಕೈ ಬಿಡಲಿಲ್ಲ, ಮಾತಾಡಲಿಲ್ಲ. ಒಂದು ಅರ್ಧ ಸುತ್ತು ಹಾಕಿಸಿ ನನ್ನನ್ನು ಗೋಡೆ ಕಡೆಗೆ ತಂದ, ತನ್ನ ಬೆನ್ನು ಜಗಳದ ಕಡೆಗೆ ಕೊಟ್ಟ, ಹೆಜ್ಜೆ ಹಾಕುತ್ತಲೇ ಇದ್ದ. ತಾಳ ತಪ್ಪಲಿಲ್ಲ. ಡಿಜೆ ಹಾಡಿನ ಸದ್ದು ಇನ್ನೂ ಏರಿಸಿದ. ಬಾಗಿಲಿನ ಆ ಪುಳಿಯೋಗರೆ ಮೂಸಿದ ದಪ್ಪ ಮನುಷ್ಯ ಬಂದು ಇಬ್ಬರನ್ನೂ ಕಾಲರ್ ಹಿಡಿದು ಹೊರಗೆ ಹಾಕಿದ. ಪೊರಕೆ ಬಂತು, ಗಾಜು ಹೋಯಿತು, ಉಪ್ಪು ಎರಚಿದರು, ಯಾಕೆ ಅಂತ ನನಗೆ ಗೊತ್ತಾಗಲಿಲ್ಲ, ನೆಲ ಜಾರದಿರಲಿ ಅಂತ ಇರಬೇಕು. ತಮ್ಮ ಬ್ಯಾಗ್ ತಬ್ಬಿಕೊಂಡು ಕೂತಿದ್ದ.

"ಮನೆಗೆ ಹೋಗೋಣ್ವಾ ಅಕ್ಕಾ?"

"ಈಗ ತಾನೇ ಬಂದಿದ್ದೀವಿ ಕಣೋ."

ಎರಡನೇ ಬಾರ್‌ಗೆ ಹೋಗುವ ಮೊದಲು ಗೆಳತಿ ಕಂಬದ ಪಕ್ಕ ನಿಲ್ಲಿಸಿ ಒಂದು ಮಾತು ಹೇಳಿದಳು. ಅಲ್ಲಿ ಯಾರಾದರೂ ನಿನಗೆ ದುಡ್ಡು ಚಾಚಿದರೆ ಗಾಬರಿಯಾಗಬೇಡ, ಇಲ್ಲ ಅಂದರೆ ಸಾಕು. ಅದು ಬೈಲರೀನಾಗಳ ಬಾರ್. ಗೋಡೆಯುದ್ದಕ್ಕೂ ಹುಡುಗಿಯರು, ಹೆಂಗಸರು ಕೂತಿರುತ್ತಾರೆ. ಗಂಡಸರು ಬಂದು ಒಂದು ಹಾಡಿಗೆ 2 ಡಾಲರ್ ಕೊಟ್ಟು ಕುಣಿಯುತ್ತಾರೆ. ಈ ರಸ್ತೆಯಲ್ಲಿ ಇದು ಎಷ್ಟೋ ಕಾಲದಿಂದ ನಡೆದುಕೊಂಡು ಬಂದಿದೆ, ಅದಕ್ಕೂ ಮುಂಚೆ, 1920–30ರ ದಶಕಗಳಲ್ಲಿ, ಇದೇ ಊರಲ್ಲಿ ಹತ್ತು ಸೆಂಟಿಗೊಂದು ಕುಣಿತದ ಹಾಲ್‌ಗಳಿದ್ದವು. ಆಗಲೂ ಬರುತ್ತಿದ್ದವರು ಒಬ್ಬೊಬ್ಬರೇ ಬಂದು ಸೇರಿದ ಕೂಲಿಯವರು.

ಬೆಂಗಳೂರಿನ ಲೇಡೀಸ್ ಬಾರ್ ಕೇಳಿ ಬೆಳೆದ ನಮಗೆ ಒಂದು ಚಿತ್ರ ತಲೆಯಲ್ಲಿ ಇರುತ್ತದೆ. ಇದು ಅದಲ್ಲ, ಹಾಗಂತ ಇದು ಚಂದ ಅಂತಲೂ ಹೇಳಲಾರೆ. ಹೆಂಗಸರು ಕುಣಿದು ಗಂಡಸರು ನೋಡುವುದಲ್ಲ, ಇಬ್ಬರೂ ಕುಣಿಯಬೇಕು. ದುಡ್ಡು ಎರಚುವುದಿಲ್ಲ, ಮಡಚಿ ಕೈಗೆ ಕೊಡುತ್ತಾರೆ. ಕೆಲವರು ನಿಜವಾಗಿ ಕುಣಿಯೋಕೆ ಬಂದವರು. ಕೆಲವರ ಕೈ ಸೊಂಟದಿಂದ ಕೆಳಗೆ ಇಳಿಯುತ್ತಿತ್ತು, ಅವಳು ಅದನ್ನು ಎತ್ತಿ ಮೇಲಿಡುತ್ತಿದ್ದಳು, ಮತ್ತೆ ಇಳಿಯುತ್ತಿತ್ತು. ಅದೂ ಆ 2 ಡಾಲರಿನ ಕೆಲಸದ ಒಂದು ಭಾಗ.

ಟಾಯ್ಲೆಟ್‌ನಲ್ಲಿ ಒಬ್ಬಳು ಹೈ ಹೀಲ್ಸ್ ಬಿಚ್ಚಿ ಹಿಮ್ಮಡಿಗೆ ಪಟ್ಟಿ ಅಂಟಿಸುತ್ತಿದ್ದಳು. ನನ್ನನ್ನು ನೋಡಿ ಏನೋ ಕೇಳಿದಳು. ಗೆಳತಿ ನಗುತ್ತಾ, "ಹೊಸಬಳಾ ಅಂತ ಕೇಳ್ತಿದ್ದಾಳೆ" ಅಂದಳು. ಅಲ್ಲ ಅಂತ ಆದ ಮೇಲೆ ಆರಾಮಾಗಿ ಮಾತಾಡಿದಳು. ಈಕ್ವೆಡಾರ್‌ನವಳು. ವಾರದಲ್ಲಿ ಮನೆ ಕ್ಲೀನಿಂಗ್, ವಾರಾಂತ್ಯ ಇಲ್ಲಿ. ಹಾಡಿನ ದುಡ್ಡು ತನಗೆ, ಗಂಡಸರು ತನಗೆ ಕೊಡಿಸಿದ ಬಿಯರ್‌ನಲ್ಲಿ ಸ್ವಲ್ಪ ತನಗೆ ಸ್ವಲ್ಪ ಬಾರ್‌ನವರಿಗೆ. ಒಬ್ಬ ಬರುತ್ತಾನಂತೆ, ಹತ್ತು ಹಾಡಿನ ದುಡ್ಡು ಒಟ್ಟಿಗೆ ಕೊಟ್ಟು ಒಂದಕ್ಕೂ ಕುಣಿಯದೆ ಕೂತು ಊರಲ್ಲಿರುವ ಮಗಳ ಫೋಟೊ ತೋರಿಸುತ್ತಾನಂತೆ. ಅವನು ಒಳ್ಳೆಯವನು, ಆದರೆ ಕುಣಿಯುವುದಕ್ಕಿಂತ ಅದು ಜಾಸ್ತಿ ಸುಸ್ತು ಅಂದಳು. ಎಂಥ ಗಂಡಸರು ಬರುತ್ತಾರೆ ಅಂತ ಗೆಳತಿ ಕೇಳಿದ್ದಕ್ಕೆ, ಎರಡೇ ಜಾತಿ, ಸ್ನಾನ ಮಾಡಿ ಬಂದವರು, ಮಾಡದೆ ಬಂದವರು ಅಂತ ಹೇಳಿ ಚಪ್ಪಲಿ ಏರಿಸಿಕೊಂಡು ಹೋದಳು.

ನನಗೂ ಒಬ್ಬ ದುಡ್ಡು ಚಾಚಿದ. ಎರಡು ಒಂದರ ನೋಟು, ಉದ್ದಕ್ಕೆ ಮಡಚಿದ್ದು. ನಾನು ತಲೆ ಆಡಿಸಿದೆ. ಅವನಿಗೆ ಅರ್ಥವಾಗಿ, ಕೈ ಎದೆಗೆ ಇಟ್ಟುಕೊಂಡು, 'ಪೆರ್ದೋನ್, ಪೆರ್ದೋನ್' ಅಂತ ಹಿಂದೆ ಹಿಂದೆಯೇ ನಡೆದು ಹೋದ. ಆ ಬಾರ್‌ನಲ್ಲಿ ನಾವು ಜಾಸ್ತಿ ಹೊತ್ತು ಕೂರಲಿಲ್ಲ. ನಾವು ಕೂತದ್ದು ಅವರು ಕೂರುವ ಗೋಡೆಯ ಜಾಗ, ಸುಮ್ನೆ ಅವರ ಸಂಪಾದನೆಗೆ ಅಡ್ಡ.

ಹೊರಗೆ ಬಂದಾಗ ಒಂದು ಗಂಟೆ ಕಳೆದಿತ್ತು. ಮೂರನೆಯದಕ್ಕೆ ನಾವು ಹೋದದ್ದು ಅಲ್ಲಿಯ ಕುಂಬಿಯಾ ಹಾಡು ಕೇಳಿ. ಕುಂಬಿಯಾ ಹುಟ್ಟಿದ್ದು ಕೊಲಂಬಿಯಾದ ಕರಾವಳಿಯಲ್ಲಿ. ಅಲ್ಲಿಂದ ಮೆಕ್ಸಿಕೊಗೆ ಹೋಗಿ ಅಲ್ಲಿಯದೇ ಆಗಿಬಿಟ್ಟಿದೆ. ಮೆಕ್ಸಿಕೊದ ಪುಯೆಬ್ಲಾ ಕಡೆಯವರು ಈ ಊರಲ್ಲಿ ಎಷ್ಟಿದ್ದಾರೆ ಅಂದರೆ ಪುಯೆಬ್ಲಾ ಯಾರ್ಕ್ ಅಂತಲೇ ತಮಾಷೆ ಮಾಡುತ್ತಾರೆ. ಬಾಗಿಲಲ್ಲಿ ಮತ್ತೆ ತಡಕಾಟ, ಮತ್ತೆ ಡಬ್ಬಿ ತೆಗೆಸಿದರು. ಒಳಗೆ ಹೋದ ಮೇಲೆ ತಮ್ಮ ನನ್ನ ಕಿವಿಯಲ್ಲಿ ಕೂಗಿದ, "ಅಕ್ಕಾ, ಬರೀ ಗಂಡಸರೇ ಇದ್ದಾರೆ." ನೋಡಿದರೆ ಹೌದು. ಕೌಬಾಯ್ ಟೋಪಿ, ಚೂಪು ಮೂತಿಯ ಬೂಟು, ದೊಡ್ಡ ಬೆಲ್ಟಿನ ಗಂಡಸರು ಗಂಡಸರ ಜೊತೆಗೇ ಕೈ ಹಿಡಿದು ಕುಣಿಯುತ್ತಿದ್ದರು.

ರೂಸ್‌ವೆಲ್ಟ್ ಅವೆನ್ಯೂದಲ್ಲಿ ಇಂಥ ಬಾರ್‌ಗಳೂ ಬಹಳ ಹಿಂದಿನಿಂದ ಇವೆ. 1990ರಲ್ಲಿ ಹುಲಿಯೊ ರಿವೆರಾ ಅನ್ನುವ ಸಲಿಂಗಿ ಯುವಕನನ್ನು ಇದೇ ಜಾಕ್ಸನ್ ಹೈಟ್ಸ್‌ನ ಒಂದು ಶಾಲೆಯ ಅಂಗಳದಲ್ಲಿ ಕೊಂದರು. ಆ ಸಿಟ್ಟಿನಿಂದ ಸಂಘಟನೆ ಬೆಳೆದು, 1993ರಲ್ಲಿ ಮೊದಲ ಕ್ವೀನ್ಸ್ (ನ್ಯೂಯಾರ್ಕಿನ ಈ ಭಾಗದ ಹೆಸರು) ಪ್ರೈಡ್ ಮೆರವಣಿಗೆ ಇಲ್ಲಿಯ ರಸ್ತೆಯಲ್ಲೇ ನಡೆಯಿತು. ಈಗಲೂ ಪ್ರತಿ ಜೂನ್‌ನಲ್ಲಿ ನಡೆಯುತ್ತದೆ. 74ನೇ ಬೀದಿಯಲ್ಲಿ ಬೇಳೆ ಕೊಳ್ಳುವ ನಮಗೆ ಅವತ್ತು ರಸ್ತೆ ಬಂದ್ ಅನ್ನುವುದಷ್ಟೇ ಗೊತ್ತಿರುತ್ತದೆ.

ಅಲ್ಲಿಯ ಡಿಜೆಯದ್ದೇ ಒಂದು ಮಜಾ. ಸೊನಿದೆರೊ ಶೈಲಿ ಅಂತಾರೆ. ಹಾಡು ಓಡುತ್ತಿರುವಾಗಲೇ ಮೈಕ್‌ನಲ್ಲಿ, ಗುಹೆಯೊಳಗಿಂದ ಬಂದ ಹಾಗೆ ಮಾರ್ದನಿ ಕೊಡುವ ದನಿಯಲ್ಲಿ, ಸಲೂದೋಸ್ ಹೇಳುತ್ತಾನೆ. ಅಂದರೆ ಇಂಥ ಊರಿನ ಇಂಥವರಿಗೆ ನಮಸ್ಕಾರ, ಇಂಥ ಹೋಟೆಲ್ಲಿನ ಅಡುಗೆಮನೆಯವರಿಗೆ ನಮಸ್ಕಾರ. ಜನ ಚೀಟಿ ಬರೆದು ಕೊಡುತ್ತಾರೆ, ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತಾರೆ. ಊರಿಗೆ ಹೋಗಲಾಗದವರ ಊರಿನ ಹೆಸರು ಆ ಸ್ಪೀಕರ್‌ನಿಂದ ಬಂದಾಗ ಒಂದು ಮೂಲೆಯಿಂದ ಶಿಳ್ಳೆ ಬೀಳುತ್ತದೆ. ನಮ್ಮ ಆಕಾಶವಾಣಿಯಲ್ಲಿ ಕೋರಿಕೆ ಹಾಡಿಗೆ ಮೊದಲು ಊರೂರಿನ ಹೆಸರು ಓದುತ್ತಿದ್ದರಲ್ಲ, ಅದನ್ನು ಕೇಳಿದವರಿಗೆ ಈ ಶಿಳ್ಳೆ ಅರ್ಥವಾಗುತ್ತದೆ. ಗೆಳತಿ ಸುಮ್ಮನಿರುತ್ತಾಳಾ, ಒಂದು ಚೀಟಿ ಕೊಟ್ಟು ಬಂದಳು. ಸ್ವಲ್ಪ ಹೊತ್ತಿಗೆ ಆ ಗುಹೆಯ ದನಿ, "ಸಲೂದೋಸ್ ಪಾರಾ ಮಿಸೋರೆ, ಇಂದಿಯಾ" ಅಂತು. ಮಿಸೋರೆ ಅಂದರೆ ಮೈಸೂರು ಅಂತ ಹೊಳೆಯೋಕೆ ನನಗೇ ಒಂದು ಕ್ಷಣ ಬೇಕಾಯಿತು. ತಮ್ಮ ಎದ್ದು ನಿಂತು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ಅವನಿಗೆ ಶಿಳ್ಳೆ ಬರುತ್ತದೆ ಅಂತ ನನಗೆ ಆವತ್ತೇ ಗೊತ್ತಾದದ್ದು.

ಶಿಳ್ಳೆ ಕೇಳಿ ಒಬ್ಬ ಟೋಪಿಯವನು ಬಂದ. ನನ್ನ ಕಡೆ ನೋಡಲಿಲ್ಲ, ತಮ್ಮನ ಎದುರು ನಿಂತು ಕೈ ಚಾಚಿ ಹುಬ್ಬು ಎತ್ತಿದ. ತಮ್ಮ ನನ್ನನ್ನು ನೋಡಿದ. ನಾನು ಭುಜ ಕುಣಿಸಿದೆ, ನಿನ್ನಿಷ್ಟ ಅಂತ.

"ಅಕ್ಕಾ, ಬ್ಯಾಗ್ ಹಿಡ್ಕೋ."

ಕುಂಬಿಯಾದಲ್ಲಿ ಒಂದು ಕಾಲು ಹಿಂದೆ ಹೋಗಿ ಬರುತ್ತದೆ, ಆಮೇಲೆ ಇನ್ನೊಂದು. ತಮ್ಮ ಮೊದಲು ಕಂಬದಂತೆ ನಿಂತಿದ್ದ. ಟೋಪಿಯವನು ಅವನನ್ನು ಎಳೆಯಲಿಲ್ಲ, ಹತ್ತಿರಕ್ಕೂ ಕರೆಯಲಿಲ್ಲ, ಎರಡೂ ಕೈ ಹಿಡಿದು ತಾನು ಹೆಜ್ಜೆ ಹಾಕುತ್ತಾ ಕಾದ. ಇವನ ಕಾಲಿಗೆ ತಾಳ ಸಿಕ್ಕಿದ ಮೇಲೆ ಒಂದು ಸಲ ತಿರುಗಿಸಿದ. ನಮ್ಮ ಹುಡುಗ ನಗುತ್ತಾ ತಿರುಗಿದ, ಎದುರಿನವನ ಬೂಟು ತುಳಿದ, ಕ್ಷಮಿಸಿ ಅಂತ ಕನ್ನಡದಲ್ಲೇ ಅಂದ. ಹಾಡು ಮುಗಿದಾಗ ಆ ಮನುಷ್ಯ ಅವನನ್ನು ನನ್ನ ಟೇಬಲ್ಲಿನವರೆಗೆ ಕರೆದುಕೊಂಡು ಬಂದು ಒಪ್ಪಿಸಿ, ಟೋಪಿ ಮುಟ್ಟಿ ಹೋದ. ಆಮೇಲೆ ತಮ್ಮ ಕೂರಲೇ ಇಲ್ಲ. ನಾಲ್ಕಕ್ಕೆ ಬಿಳಿ ಲೈಟ್ ಹಾಕಿ ಓಡಿಸುವವರೆಗೂ ಬ್ಯಾಗ್ ನನ್ನ ತೊಡೆ ಮೇಲೆಯೇ ಇತ್ತು.

ಬಿಳಿ ಲೈಟ್ ಹಾಕಿದ ಮೇಲೆ ಬಾರ್ ನೋಡಬಾರದು. ಟೈಲ್ಸ್ ಒಡೆದಿದೆ, ಛಾವಣಿಯಿಂದ ವೈರ್ ನೇತಾಡುತ್ತಿದೆ, ಎಲ್ಲರ ಮುಖಕ್ಕೂ ಒಂದೇ ಸಲ ವಯಸ್ಸಾಗಿದೆ. ಬೇಗ ಹೊರಗೆ ಬಂದೆವು. ಹಳಿಯ ಕೆಳಗೆ ಗಾಡಿಗಳ ಹೊಗೆ. ಗೆಳತಿ ಕೋಲಿಗೆ ಚುಚ್ಚಿ ಸುಟ್ಟ ಮಾಂಸ, ಚೂಸೊ, ತಗೊಂಡಳು. ತಮ್ಮನಿಗೆ ಮಾಂಸ ಆಗುವುದಿಲ್ಲ, ಅವನಿಗೆ ಅರೇಪಾ. ಸಿಹಿ ಜೋಳದ ದಪ್ಪ ರೊಟ್ಟಿ, ಬೆಣ್ಣೆ ಹಚ್ಚಿ ಕಾವಲಿ ಮೇಲೆ ಕೆಂಪಗೆ ಮಾಡಿ, ಮಡಚಿ, ಮೇಲೆ ಬಿಳಿ ಚೀಸ್ ತುರಿದು ಕೊಡುತ್ತಾರೆ. ಅಜ್ಜಿಯೊಬ್ಬಳು ಬರಿಗೈಯಲ್ಲೇ ಅದನ್ನು ತಿರುವಿ ಹಾಕುತ್ತಿದ್ದಳು. ವಾರಾಂತ್ಯದಲ್ಲಿ 7ನೇ ರೈಲು ಬರುತ್ತದೋ, ರಿಪೇರಿ ಅಂತ ಬಸ್ಸಿಗೆ ಅಟ್ಟುತ್ತಾರೋ ಅಂತ ನಾನು ಫೋನ್‌ನಲ್ಲಿ ನೋಡುತ್ತಾ ನಿಂತಿದ್ದೆ.

ಅಷ್ಟರಲ್ಲಿ ತಮ್ಮನ ಫೋನ್ ಹೊಡೆದುಕೊಂಡಿತು. ಚಿಕ್ಕಮ್ಮ. ಊರಲ್ಲಿ ಭಾನುವಾರ ಮಧ್ಯಾಹ್ನ ಒಂದೂವರೆ ದಾಟಿರುತ್ತದೆ, ಊಟ ಮುಗಿಸಿ ಮಗನಿಗೆ ಫೋನ್ ಮಾಡುವ ಹೊತ್ತು. ಇವನು ಎದ್ದಿದ್ದಾನೋ ಇಲ್ಲವೋ ಅಂತ ಅವರು ಯಾವತ್ತೂ ಲೆಕ್ಕ ಹಾಕಿದವರಲ್ಲ. ಬಾಯಿ ತುಂಬ ಅರೇಪಾ ಇಟ್ಟುಕೊಂಡೇ ಎತ್ತಿದ.

"ಹೂಂ ಅಮ್ಮಾ... ಎದ್ದಿದ್ದೀನಿ... ಇಲ್ಲ, ಅಕ್ಕನ ಜೊತೆ ಇದ್ದೀನಿ... ಹೂಂ, ಅವಳೇ ಕರ್ಕೊಂಡು ಬಂದ್ಲು... ರೊಟ್ಟಿ ತಿಂತಿದ್ದೀನಿ... ಜೋಳದ್ದು... ಇಲ್ಲಮ್ಮ, ಇಲ್ಲೇ ಒಬ್ಬರು ಅಜ್ಜಿ ಮಾಡಿಕೊಟ್ಟರು."

ಆಮೇಲೆ ಫೋನ್ ನನ್ನ ಕಡೆ ಚಾಚಿದ. "ಮಾತಾಡಬೇಕಂತೆ. ಇಷ್ಟು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಿದ್ದೀವಿ ಅಂತ ಕೇಳ್ತಿದ್ದಾರೆ, ನೀನೇ ಹೇಳು."